ವಾಸಿಯಾಗದ ಕಾಯಿಲೆಯಲ್ಲಿ ನಾಯಿಯ ಜೊತೆಗಿರುವುದು ಹೇಗೆ

"ಇದು ವಾಸಿಯಾಗುವ ಕಾಯಿಲೆಯಲ್ಲ" ಎಂದು ಪಶುವೈದ್ಯರು ಹೇಳಿದ ಮೇಲೆ ಅವರಾಡುವ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಔಷಧದ ಹೆಸರು, ಪ್ರಮಾಣ, ಮುಂದಿನ ಭೇಟಿಯ ದಿನ ಎಲ್ಲವೂ ಮನೆ ಸೇರುವಷ್ಟರಲ್ಲಿ ಕಲಸಿಹೋಗಿರುತ್ತವೆ. ಆದ್ದರಿಂದ ಒಂದೆರಡು ದಿನ ಬಿಟ್ಟು, ಒಂದು ನೋಟ್‌ಬುಕ್ ಹಿಡಿದು, ಸಾಧ್ಯವಾದರೆ ಮನೆಯ ಇನ್ನೊಬ್ಬರನ್ನೂ ಕರೆದುಕೊಂಡು ಮತ್ತೊಮ್ಮೆ ಹೋಗಿ. ಕಾಯಿಲೆ ಮುಂದೆ ಯಾವ ಹಾದಿ ಹಿಡಿಯುತ್ತದೆ, ಕೊಡುತ್ತಿರುವ ಚಿಕಿತ್ಸೆ ಆಯುಷ್ಯ ಹೆಚ್ಚಿಸಲೋ ನೋವು ತಗ್ಗಿಸಲೋ, ಯಾವ ಲಕ್ಷಣ ಕಂಡರೆ ನಡುರಾತ್ರಿಯಾದರೂ ಕರೆತರಬೇಕು, ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದುಕೊಳ್ಳಿ. ಕೊನೆಯ ಎರಡು ಪ್ರಶ್ನೆಗಳನ್ನು ಕೇಳದೆ ಎದ್ದು ಬರಬೇಡಿ.

ಆ ನೋಟ್‌ಬುಕ್ಕನ್ನು ಅಲ್ಲಿಗೇ ಮುಚ್ಚಿಡಬೇಡಿ. ನಾಯಿ ಎಷ್ಟು ತಿಂದಿತು, ಎಷ್ಟು ನೀರು ಕುಡಿಯಿತು, ತಾನಾಗಿ ಎದ್ದಿತೇ, ರಾತ್ರಿ ನಿದ್ದೆ ಮಾಡಿತೇ ಎಂದು ದಿನವೂ ಎರಡು ಸಾಲು ಬರೆಯಿರಿ. ನಿತ್ಯ ಕಣ್ಣೆದುರಿಗಿರುವ ಜೀವ ಸ್ವಲ್ಪಸ್ವಲ್ಪವೇ ಸೊರಗುವುದು ನಮಗೆ ಗೊತ್ತೇ ಆಗುವುದಿಲ್ಲ. ಹೃದ್ರೋಗವಿದ್ದರೆ ನಿದ್ದೆಯಲ್ಲಿನ ಉಸಿರನ್ನೂ ಎಣಿಸಬೇಕು. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಎರಡರಷ್ಟು ಮಾಡಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಅದು ಸಾಮಾನ್ಯವಾಗಿ 30ಕ್ಕಿಂತ ಕಡಿಮೆಯಿರಬೇಕು. ಮತ್ತೆ ಎಣಿಸಿದಾಗಲೂ ಅದನ್ನು ಮೀರಿದ್ದರೆ ವೈದ್ಯರಿಗೆ ತಿಳಿಸಬೇಕು.

ನಮ್ಮ ನಾಯಿಯ ಪುಟದಲ್ಲಿ ವಾರಗಟ್ಟಲೆ 22, 24, 22 ಎಂದಿತ್ತು. ಒಂದು ರಾತ್ರಿ 38 ಆಯಿತು. ಸ್ವಲ್ಪ ಹೊತ್ತಿನಲ್ಲೇ ಅದು ಎದ್ದು, ಮುಂಗಾಲುಗಳನ್ನು ಅಗಲಿಸಿ, ಕತ್ತು ಮುಂದಕ್ಕೆ ಚಾಚಿ ಗೋಡೆಯ ಪಕ್ಕ ನಿಂತುಬಿಟ್ಟಿತು; ನಿದ್ದೆ ತಡೆಯಲಾರದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರೂ ಮಲಗಲೊಲ್ಲದು. ಶ್ವಾಸಕೋಶದಲ್ಲಿ ನೀರು ತುಂಬಿದಾಗ ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಹಾಗೆ ನಿಲ್ಲುತ್ತದೆ. ಬೆಳಗಾಗಲಿ ನೋಡೋಣ ಎಂದು ನಾವು ಸುಮ್ಮನಾಗದಂತೆ ಮಾಡಿದ್ದು ಆ ಅಂಕಿ. ಕಾಯಿಲೆ ಯಾವುದೇ ಇರಲಿ, ಒಸಡು ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ನಾಯಿ ದಿಢೀರನೆ ಕುಸಿದರೆ ಕಾಯುವಂತಿಲ್ಲ.

ನಾಯಿ ನೋವನ್ನು ಕೂಗಿ ಹೇಳುವುದು ಅಪರೂಪ. ಸುಮ್ಮನೆ ಏದುಸಿರು ಬಿಡುವುದು, ರಾತ್ರಿಯಿಡೀ ಜಾಗ ಬದಲಿಸುವುದು, ಒಂದೇ ಕಡೆ ನೆಕ್ಕುತ್ತಿರುವುದು, ಮುಟ್ಟಿದರೆ ಸರಿದು ಹೋಗುವುದು, ಇವೆಲ್ಲ ನೋವಿನ ಮಾತುಗಳೇ. ಹಾಗೆಂದು ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಕೊಡಲೇಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ನಂಥವು ನಾಯಿಯ ಹೊಟ್ಟೆ, ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಬಲ್ಲವು. ಮಲಗಿದಲ್ಲೇ ಇರುವ ನಾಯಿಗೆ ದಪ್ಪ ಮೆತ್ತನೆಯ ಹಾಸಿಗೆ ಹಾಕಿ, ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿ, ಒದ್ದೆಯಾದ ಕೂಡಲೇ ಒರೆಸಿ ಒಣಗಿಸಿ. ಇಲ್ಲದಿದ್ದರೆ ಮೂಳೆ ಒತ್ತುವ ಕಡೆ ಹುಣ್ಣಾಗುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ ನಿರ್ಧಾರ, ದಯಾಮರಣ. ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ ಅವರು 2004ರಲ್ಲಿ ಪ್ರಕಟಿಸಿದ ಒಂದು ಅಳತೆಗೋಲು ಇಲ್ಲಿ ನೆರವಾಗುತ್ತದೆ. ಉಸಿರಾಟದ ತೊಂದರೆಯೂ ಸೇರಿದಂತೆ ನೋವು, ಹಸಿವು, ದೇಹದ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ಸಂಗತಿಗಳಿಗೆ ತಲಾ 0ಯಿಂದ 10ರವರೆಗೆ ಅಂಕ ಕೊಡಬೇಕು. 10 ಎಂದರೆ ಅತ್ಯುತ್ತಮ. ಮೊತ್ತ 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು ಎಂಬುದು ಅದರ ಲೆಕ್ಕ. ಮನೆಯ ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಿ ಆಮೇಲೆ ಹೋಲಿಸಿ ನೋಡಿ, ಏಕೆಂದರೆ ಹೆಚ್ಚು ಹಚ್ಚಿಕೊಂಡವರ ಕೈ ಅಂಕ ಕೊಡುವಾಗ ಧಾರಾಳವಾಗಿರುತ್ತದೆ. ಇದರ ಜೊತೆಗೆ ನಿಮ್ಮ ನಾಯಿಗೆ ಪ್ರಾಣವಾಗಿದ್ದ ಮೂರು ಸಂಗತಿಗಳನ್ನು ಈಗಲೇ ಬರೆದಿಡಿ. ಮೂರರಲ್ಲಿ ಎರಡು ನಿಂತುಹೋದಾಗ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡುವ ಹೊತ್ತು ಬಂದಿದೆ ಎಂದೇ ನನ್ನ ಅಭಿಪ್ರಾಯ. ಉಸಿರಿಗಾಗಿ ಒದ್ದಾಡುವ ರಾತ್ರಿಯವರೆಗೆ ತಡೆಯುವುದಕ್ಕಿಂತ ನಾಲ್ಕು ದಿನ ಮುಂಚೆಯೇ ಕಳಿಸಿಕೊಡುವುದು ಮೇಲು.

ಅಲ್ಲಿ ಏನು ನಡೆಯುತ್ತದೆಂದು ಮೊದಲೇ ತಿಳಿದಿದ್ದರೆ ಜೊತೆಗಿರುವ ಧೈರ್ಯ ಬರುತ್ತದೆ. ಸಾಮಾನ್ಯವಾಗಿ ಮೊದಲು ಮಂಪರು ಬರಿಸುವ ಚುಚ್ಚುಮದ್ದು ಕೊಡುತ್ತಾರೆ. ನಂತರ ರಕ್ತನಾಳಕ್ಕೆ ಪೆಂಟೋಬಾರ್ಬಿಟಾಲ್ ಎಂಬ ಅರಿವಳಿಕೆ ಔಷಧವನ್ನು ಅಧಿಕ ಪ್ರಮಾಣದಲ್ಲಿ ಕೊಟ್ಟಾಗ ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ಹೋಗಿ, ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಮೂತ್ರ ಹೋಗಬಹುದು, ಒಂದೆರಡು ಬಾರಿ ಬಾಯಿ ತೆರೆದು ಉಸಿರೆಳೆದಂತೆ ಕಾಣಬಹುದು; ಆ ಹೊತ್ತಿಗೆ ನಾಯಿಗೆ ಯಾವ ಅರಿವೂ ಇರುವುದಿಲ್ಲ. ತಲೆಯ ಬಳಿ ಕುಳಿತು, ದಿನವೂ ಕರೆಯುವ ದನಿಯಲ್ಲೇ ಹೆಸರು ಹಿಡಿದು ಮಾತಾಡಿಸುತ್ತಿರಿ. ನೋಡಲಾರೆನೆನಿಸಿದರೆ ಮಂಪರು ಹತ್ತುವವರೆಗಾದರೂ ಇರಿ. ಹೂಳುವುದೋ ದಹನವೋ ಎಂಬುದನ್ನು ಆ ದಿನಕ್ಕೆ ಉಳಿಸಿಕೊಳ್ಳಬೇಡಿ. ಹೂಳುವುದಾದರೆ ನಿಮ್ಮಲ್ಲಿನ ನಿಯಮ ವಿಚಾರಿಸಿ, ಮೂರು ಅಡಿಗಿಂತ ಕಡಿಮೆಯಿಲ್ಲದಷ್ಟು ಆಳ ತೋಡಿಸಿ. ದೇಹದಲ್ಲಿ ಉಳಿಯುವ ಆ ಔಷಧ, ಅದನ್ನು ಅಗೆದು ತಿನ್ನುವ ಪ್ರಾಣಿಗಳಿಗೆ ವಿಷ.

ಆಮೇಲೆ ಬರುವುದು ಅಪರಾಧಿ ಭಾವ. ಮೊದಲೇ ಗೊತ್ತಾಗಬೇಕಿತ್ತು, ಇನ್ನೊಂದು ಪರೀಕ್ಷೆ ಮಾಡಿಸಬೇಕಿತ್ತು ಎಂದು ಮನಸ್ಸು ಕೊರೆಯುತ್ತದೆ. ಆದರೆ ಮೂತ್ರಪಿಂಡಗಳು ತಮ್ಮ ಶಕ್ತಿಯ ಮೂರನೇ ಎರಡು ಭಾಗದಷ್ಟನ್ನು ಕಳೆದುಕೊಳ್ಳುವವರೆಗೂ ಹೊರಗೆ ಲಕ್ಷಣ ಕಾಣದೇ ಇರಬಹುದು. ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಎಂಬ ಅಂಗದಲ್ಲಿ ಬೆಳೆಯುವ ರಕ್ತನಾಳದ ಕ್ಯಾನ್ಸರ್ ಎಷ್ಟೋ ನಾಯಿಗಳಲ್ಲಿ ಗೆಡ್ಡೆ ಒಡೆದು ರಕ್ತಸ್ರಾವವಾದ ದಿನವೇ ಮೊದಲ ಬಾರಿಗೆ ತಿಳಿಯುತ್ತದೆ. ಈ ಪ್ರಶ್ನೆಯನ್ನು ಒಬ್ಬರೇ ಹೊತ್ತು ತಿರುಗುವ ಬದಲು ಚಿಕಿತ್ಸೆ ಮಾಡಿದ ವೈದ್ಯರನ್ನೇ ನೇರವಾಗಿ ಕೇಳಿ.

"ಒಂದು ನಾಯಿಗೆ ಇಷ್ಟೊಂದು ಅಳುವುದೇ" ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ವಿವರಿಸುವ ಶ್ರಮ ಬೇಡ. ನಾಯಿಯನ್ನು ಕಳೆದುಕೊಂಡಿರುವ ಇನ್ನೊಬ್ಬರ ಬಳಿ ಮಾತಾಡಿ. ಊಟ, ನಿದ್ದೆ, ಕೆಲಸ ವಾರಗಟ್ಟಲೆ ಹಳಿಗೆ ಬಾರದಿದ್ದರೆ ಆಪ್ತಸಲಹೆಗಾರರನ್ನು ಕಾಣಲು ಸಂಕೋಚಪಡಬೇಡಿ. ಮಕ್ಕಳಿಗೆ "ಮಲಗಿಸಿದೆವು" ಎನ್ನದೆ "ಸತ್ತುಹೋಯಿತು" ಎಂದೇ ಹೇಳಿ, ಇಲ್ಲದಿದ್ದರೆ ಚಿಕ್ಕವರು ನಿದ್ದೆಗೇ ಹೆದರುತ್ತಾರೆ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಅದೂ ಮಂಕಾಗಬಹುದು. ಅದರ ಊಟ, ಓಡಾಟದ ಹೊತ್ತನ್ನು ಬದಲಿಸಬೇಡಿ.

ಬೆಲ್ಟು, ತಟ್ಟೆಗಳನ್ನು ತೆಗೆದಿಡಲು ಅವಸರವಿಲ್ಲ. ಕೊನೆಯ ತಿಂಗಳ ಕಾಯಿಲೆಯೇ ಕಣ್ಣಿಗೆ ಕಟ್ಟಿ ಹಿಂದಿನ ವರ್ಷಗಳು ಮಸುಕಾಗುತ್ತವೆ. ಬಾಗಿಲ ಬಳಿ ಅದು ಹೇಗೆ ಕಾಯುತ್ತಿತ್ತು, ಯಾವ ಸದ್ದಿಗೆ ಕಿವಿ ನಿಮಿರುತ್ತಿತ್ತು ಎಂಬುದನ್ನೆಲ್ಲ ಅದೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯಿರಿ. ಹೊಸ ನಾಯಿಯನ್ನು ಮನೆಯವರೆಲ್ಲ ಮನಸಾರೆ ಒಪ್ಪಿದಾಗ ತನ್ನಿ, ಮತ್ತು ಅದಕ್ಕೆ ಹಳೆಯದರ ಹೆಸರಿಡಬೇಡಿ.