ಚಳಿಗಾಲದಲ್ಲಿ ಮ್ಯಾಂಚೆಸ್ಟರಿನಿಂದ ಸೈಕಲ್ ಹತ್ತುವ ಮುನ್ನ

ಮ್ಯಾಂಚೆಸ್ಟರಿಗೆ ಬಂದ ಹೊಸತರಲ್ಲಿ ಎಲ್ಲರೂ ಮಳೆಯ ಬಗ್ಗೆ ಹೆದರಿಸುತ್ತಾರೆ. ಆಗುಂಬೆ ಮಳೆ ಕಂಡವರಿಗೆ ಇದೇನು ಮಹಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಇಲ್ಲಿ ನವೆಂಬರಿನಲ್ಲಿ ಮಳೆ ಸಣ್ಣಗೆ ಜಿನುಗುತ್ತಲೇ ಇರುತ್ತದೆ. ಜೊತೆಗೆ ನಾಲ್ಕೈದು ಡಿಗ್ರಿ ಚಳಿ, ಮೇಲೆ ಗಾಳಿ.

ನನ್ನ ಮೊದಲ ಚಳಿಗಾಲದಲ್ಲಿ ಮ್ಯಾಂಚೆಸ್ಟರಿನ ದಕ್ಷಿಣಕ್ಕಿರುವ ಮ್ಯಾಕಲ್ಸ್‌ಫೀಲ್ಡ್ ಊರಿನ ಕಡೆಯಿಂದ ಕ್ಯಾಟ್ ಅಂಡ್ ಫಿಡಲ್ ಎಂಬ ಗುಡ್ಡದ ರಸ್ತೆಯ ಏರು ಹತ್ತಿದೆ. ಸುಮಾರು 11 ಕಿ.ಮೀ. ದಾರಿ, ತುದಿ 515 ಮೀಟರ್ ಎತ್ತರದಲ್ಲಿದೆ. ಮೈಮೇಲೆ ಹತ್ತಿ ಬನಿಯನ್, ದಪ್ಪ ಸ್ವೆಟರ್, ರೇನ್‌ಕೋಟ್. ಹತ್ತುವಾಗ ಬೆಚ್ಚಗಿತ್ತು. ಬನಿಯನ್ ಬೆವರಿನಲ್ಲಿ ತೊಯ್ದದ್ದು ಗೊತ್ತೇ ಆಗಲಿಲ್ಲ. ಇಳಿಯಲು ಶುರು ಮಾಡಿ ಐದು ನಿಮಿಷಕ್ಕೆ ಹಲ್ಲು ಕಟಕಟ ಅನ್ನತೊಡಗಿತು. ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗಲಿಲ್ಲ. ಇಳಿದು ತಳ್ಳಿಕೊಂಡು ನಡೆದೆ. ಆ ದಿನ ಒಂದು ಹನಿ ಮಳೆಯೂ ಬಂದಿರಲಿಲ್ಲ. ನನ್ನನ್ನು ನಡುಗಿಸಿದ್ದು ಬೆವರು.

ಅದಕ್ಕೇ ಹೊಸಬರಿಗೆ ಮೊದಲು ಹೇಳುವುದು ಇದನ್ನೇ: ಮನೆಯಿಂದ ಹೊರಟಾಗ ಸ್ವಲ್ಪ ಚಳಿ ಆಗಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿ ಆಯಿತು ಎಂದೇ ಅರ್ಥ. ಹತ್ತು ನಿಮಿಷ ತುಳಿದರೆ ಮೈ ತಾನೇ ಕಾಯುತ್ತದೆ.

ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡವೇ ಬೇಡ. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆಳ್ಳಗಿನ ಮೆರಿನೊ ಉಣ್ಣೆ ಬನಿಯನ್ ಕೊಳ್ಳಿ, ದುಡ್ಡು ಹಾಕಲು ಯೋಗ್ಯವಾದ ಮೊದಲ ವಸ್ತು ಅದು. ಮಲೆನಾಡಿನಲ್ಲಿ ಗದ್ದೆ ಕೆಲಸಕ್ಕೆ ಹೋಗುವವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕುತ್ತಿದ್ದರಲ್ವಾ? ಲೆಕ್ಕ ಅದೇ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸುತ್ತದೆ. ಅದರ ಮೇಲೆ ಉದ್ದ ತೋಳಿನ ಸೈಕಲ್ ಜೆರ್ಸಿ. ರೇನ್ ಜಾಕೆಟ್ ಸುತ್ತಿ ಜೇಬಿನಲ್ಲಿರಲಿ. ಏರುವಾಗ ಜೆರ್ಸಿಯ ಜಿಪ್ ತೆಗೆಯಿರಿ. ತುದಿಯಲ್ಲಿ ನಿಂತು, ಇಳಿಯುವ ಮುಂಚೆಯೇ ಜಾಕೆಟ್ ಹಾಕಿ. ನಡುಕ ಶುರುವಾದ ಮೇಲೆ ಹಾಕಿದರೆ ತಡವಾಯಿತು.

ಪಾದಕ್ಕೆ ಶೂ ಮೇಲೆ ಹಾಕುವ ಓವರ್‌ಶೂ ಬೇಕು. ಎರಡು ಜೊತೆ ಸಾಕ್ಸ್ ತುರುಕಬೇಡಿ, ಶೂ ಬಿಗಿಯಾಗಿ ರಕ್ತ ಓಡುವುದಿಲ್ಲ, ಬೆರಳು ಇನ್ನೂ ತಣ್ಣಗಾಗುತ್ತದೆ. ಇನ್ನೊಂದು ಜೊತೆ ಗ್ಲೌಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟುಕೊಳ್ಳಿ. ಅರ್ಧ ದಾರಿಯಲ್ಲಿ ಒಣ ಗ್ಲೌಸ್ ಹಾಕಿಕೊಂಡಾಗ ಸಿಗುವ ಸುಖ ಮಾತಿನಲ್ಲಿ ಹೇಳಲಾಗದು. ಸೈಕಲ್ಲಿಗೆ ಮಡ್‌ಗಾರ್ಡ್ ಹಾಕಿಸಿ. ಇಲ್ಲದಿದ್ದರೆ ಚಕ್ರ ಎರಚುವ ನೀರು ಬೆನ್ನಿಗೂ ಪಾದಕ್ಕೂ ಬಡಿಯುತ್ತಲೇ ಇರುತ್ತದೆ.

ಇನ್ನು ಊಟ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಗ್ಲೌಸ್ ತೆಗೆಯಲು ಬೇಜಾರಾಗಿ ತಿನ್ನುವುದನ್ನೂ ಮುಂದೂಡುತ್ತೇವೆ. ಹೊಟ್ಟೆ ಖಾಲಿಯಾದರೆ ಮೈ ಬೇಗ ತಣ್ಣಗಾಗುತ್ತದೆ. ಹೊರಡುವ ಎರಡು ಗಂಟೆ ಮುಂಚೆ ಉಪ್ಪಿಟ್ಟೋ ಅವಲಕ್ಕಿಯೋ ಹೊಟ್ಟೆ ತುಂಬ ತಿನ್ನಿ. ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನನ್ನ ಜೇಬಿನಲ್ಲಿ ಯಾವಾಗಲೂ ಹೋಳಿಗೆ ಇರುತ್ತದೆ, ಕಾಲು ಭಾಗಗಳಾಗಿ ಹರಿದು ಬಟರ್ ಪೇಪರಿನಲ್ಲಿ ಸುತ್ತಿದ್ದು. ಮೆತ್ತಗಿರುತ್ತದೆ, ಏದುಸಿರಲ್ಲೂ ನುಂಗಬಹುದು. ಅಂಗಡಿಯ ಎನರ್ಜಿ ಬಾರ್ ಚಳಿಗೆ ಕಲ್ಲಾಗುತ್ತದೆ. ಚಿಕ್ಕಿಯೂ ಅಷ್ಟೇ, ಅದನ್ನು ಕೆಫೆಯಲ್ಲಿ ಕೂತಾಗ ತಿನ್ನಿ. ಪೊಟ್ಟಣದ ಮೂಲೆಗಳನ್ನು ಮನೆಯಲ್ಲೇ ಕತ್ತರಿಸಿಟ್ಟುಕೊಳ್ಳಿ, ಮರಗಟ್ಟಿದ ಬೆರಳಿಗೆ ಅದು ದೊಡ್ಡ ಉಪಕಾರ. ಫ್ಲಾಸ್ಕಿನಲ್ಲಿ ಬೆಲ್ಲ, ಚಿಟಿಕೆ ಉಪ್ಪು, ಶುಂಠಿ ಹಾಕಿದ ಬಿಸಿ ನೀರು ಇರಲಿ. ಕಾಲು ಗಂಟೆಗೊಮ್ಮೆ ಒಂದೆರಡು ಗುಟುಕು ಕುಡಿಯಿರಿ.

ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗಿರುತ್ತಾನೆ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು, ಇಲ್ಲಿ ಅದು ಕಾನೂನು. ಜೊತೆಗಿರುವವರ ಮಾತು ತೊದಲಿದರೆ, ನಡುಕ ನಿಲ್ಲದಿದ್ದರೆ, ಇನ್ನೂ ಸ್ವಲ್ಪ ಅಷ್ಟೇ ಅಂತ ತುಳಿಸಬೇಡಿ. ಒಳಗೆ ಕರೆದುಕೊಂಡು ಹೋಗಿ ಒಣ ಬಟ್ಟೆ ಹಾಕಿಸಿ, ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಸುಸ್ತಷ್ಟೇ ಆಗಿದ್ದರೆ ಆ ಏರಿನ ಆಚೆ ಬದಿಯ ಊರು ಬಕ್ಸ್‌ಟನ್ನಿನಿಂದ ಮ್ಯಾಂಚೆಸ್ಟರ್ ಪಿಕ್ಯಾಡಿಲಿಗೆ ನೇರ ರೈಲಿದೆ. ಜಾಗ ಇದ್ದರೆ ಸೈಕಲ್ಲೂ ಹತ್ತಿಸಬಹುದು. ನಾನು ಎಷ್ಟೋ ಸಲ ಹಾಗೇ ಬಂದಿದ್ದೇನೆ. ಮನೆ ತಲುಪಿದ ಕೂಡಲೇ ಫೋನ್ ಹಿಡಿಯಬೇಡಿ. ಮೊದಲು ಒದ್ದೆ ಬಟ್ಟೆ ಬಿಚ್ಚಿ, ಆಮೇಲೆ ಬಿಸಿ ರಾಗಿ ಅಂಬಲಿ.