ಆನ್‌ಲೈನ್‌ನಲ್ಲಿ ಗಣಿತ ಕಲಿಸುವುದನ್ನು ನಾನು ರೂಢಿಸಿಕೊಂಡ ಬಗೆ

ಆನ್‌ಲೈನ್ ತರಗತಿಯ ಬಗ್ಗೆ ನನಗಿದ್ದ ಹಿಂಜರಿಕೆ ಯಂತ್ರದ ಭಯದಿಂದ ಹುಟ್ಟಿದ್ದಲ್ಲ. ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಬಹುಕಾಲದಿಂದ ಗಣಿತ ಕಲಿಸುತ್ತಿರುವ ಶಿಕ್ಷಕಿ ನಾನು. ತಂತ್ರಜ್ಞಾನದ ನೆರವಿನಿಂದ ಕಲಿಸುವುದಕ್ಕೆಂದು ಶಿಕ್ಷಣ ಇಲಾಖೆ ನೀಡಿದ ಟಾಲ್ಪ್ ತರಬೇತಿಯಲ್ಲಿ ಕಂಪ್ಯೂಟರ್ ಬಳಕೆಯನ್ನೂ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜ ರಚಿಸುವುದನ್ನೂ ಕಲಿತಿದ್ದೆ. ಆದರೆ ಗಣಿತದ ಪಾಠವೆಂದರೆ ಹಲಗೆಯ ಮೇಲೆ ಬರೆಯುವುದಷ್ಟೇ ಅಲ್ಲ. ಬೆಂಚುಗಳ ನಡುವೆ ಓಡಾಡುತ್ತ, ಮಗುವಿನ ಪುಸ್ತಕದ ಮೇಲೆ ಬಗ್ಗಿ, ಲೆಕ್ಕ ಯಾವ ಹೆಜ್ಜೆಯಲ್ಲಿ ದಾರಿ ತಪ್ಪಿದೆ ಎಂದು ಗುರುತಿಸುವುದೇ ಅದರ ಅರ್ಧ ಭಾಗ. ಆ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಪರದೆಯ ಮೇಲೆ ಒಪ್ಪಿಸಿದರೆ ಅದನ್ನು ಪಾಠವೆಂದು ಕರೆಯಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಇನ್ನೊಂದು ಅಳುಕೂ ಇತ್ತು. ತರಗತಿಯೊಳಗೆ ಆಡಿದ ಮಾತು ಆ ಮಕ್ಕಳಿಗಷ್ಟೇ ಸೇರಿದ್ದು. ಮುಖ ಮತ್ತು ದನಿಯೊಂದಿಗೆ ದಾಖಲಾದ ಪಾಠವಾದರೋ ಯಾರ ಕೈಗೆ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ. ನನ್ನ ಅನೇಕ ಸಹೋದ್ಯೋಗಿನಿಯರನ್ನು ತಡೆದದ್ದೂ ಇದೇ.

2020ರ ಮಾರ್ಚ್ 27ರಂದು ಆರಂಭವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟು ಜೂನ್ 25ರಿಂದ ನಡೆಯಿತು. ಅದು ಮುಗಿಯುವ ಹೊತ್ತಿಗೆ ಮುಂದಿನ ತಂಡದ ಮಕ್ಕಳು ಶಾಲೆಯಿಲ್ಲದೆಯೇ ಹತ್ತನೆಯ ತರಗತಿಗೆ ಬಂದಿದ್ದರು. ಗೂಗಲ್ ಮೀಟ್‌ನಲ್ಲಿ ನೇರ ತರಗತಿಯನ್ನು ನಡೆಸಿ ನೋಡಿದೆ. ಮಳೆಗಾಲದ ಮಲೆನಾಡಿನಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಮಳೆಯ ಮರ್ಜಿಯಲ್ಲಿರುತ್ತವೆ. ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಸ್ಮಾರ್ಟ್‌ಫೋನ್ ಬೆಳಿಗ್ಗೆ ತಂದೆಯ ಜೊತೆ ತೋಟಕ್ಕೋ ಕೆಲಸಕ್ಕೋ ಹೋಗಿ ಸಂಜೆ ಮರಳುತ್ತಿತ್ತು. ಹೀಗಿರುವಾಗ ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕೆಂಬ ಏರ್ಪಾಡು, ಸೌಕರ್ಯವಿದ್ದ ಕೆಲವರನ್ನು ಮುಂದಕ್ಕೆ ಒಯ್ದು ಉಳಿದವರನ್ನು ಹೊರಗಿಡುವ ಏರ್ಪಾಡೇ ಆಗುತ್ತಿತ್ತು. ಆದ್ದರಿಂದ ಕೆಲವೇ ನಿಮಿಷಗಳ ಚಿಕ್ಕ ವಿಡಿಯೊಗಳನ್ನು ಮಾಡಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವ ಕ್ರಮವನ್ನು ಹಿಡಿದೆ.

ಇದಕ್ಕೆ ಬೇಕಾದ ಸಲಕರಣೆಗಳು ಮನೆಯಲ್ಲಿಯೇ ಇದ್ದವು. ಮೇಜಿನ ಮೇಲೆ ಪುಸ್ತಕಗಳ ಎರಡು ಅಟ್ಟಿಗಳನ್ನು ಜೋಡಿಸಿ, ಅವುಗಳಿಗೆ ಅಡ್ಡಲಾಗಿ ಎರಡು ಸ್ಕೇಲುಗಳನ್ನಿಟ್ಟು, ಕ್ಯಾಮೆರಾ ಕೆಳಮುಖವಾಗಿರುವಂತೆ ಫೋನನ್ನು ಮಲಗಿಸಿದರೆ, ಕೆಳಗಿನ ಹಾಳೆಯ ಮೇಲೆ ಬರೆಯುವ ಕೈ ಮಾತ್ರ ಕಾಣಿಸುತ್ತದೆ. ಮುಖ ಕಾಣಬೇಕಾದ ಅಗತ್ಯವೇ ಇಲ್ಲವೆಂದು ತಿಳಿದ ಮೇಲೆ ನನ್ನ ಎರಡನೆಯ ಅಳುಕು ಬಹುಮಟ್ಟಿಗೆ ಕರಗಿತು. ಪೆನ್ನಿನ ಗೆರೆ ಅಗ್ಗದ ಫೋನಿನ ಪರದೆಯಲ್ಲಿ ಕಾಣುವುದಿಲ್ಲವಾದ್ದರಿಂದ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆಯುತ್ತಿದ್ದೆ. ಆಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊಗಳಿಗೆ 16 ಎಂಬಿಯ ಮಿತಿಯಿತ್ತು. ಆ ಮಿತಿ ನನಗೆ ಉಪಕಾರವನ್ನೇ ಮಾಡಿತು, ಏಕೆಂದರೆ ಒಂದು ವಿಡಿಯೊದಲ್ಲಿ ಒಂದೇ ವಿಚಾರವನ್ನು ಹೇಳಿ ಮುಗಿಸುವ ಶಿಸ್ತು ಅದರಿಂದ ಬಂದಿತು.

ಆದರೂ ನನ್ನ ಮೊದಲ ಪ್ರಶ್ನೆ, ಮಗುವಿನ ಲೆಕ್ಕವನ್ನು ನೋಡುವುದು ಹೇಗೆ ಎಂಬುದು, ಹಾಗೆಯೇ ಉಳಿದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದ ಫೋಟೊಗಳಲ್ಲಿ. ಮಾಡಿದ ಲೆಕ್ಕವನ್ನು ಹಗಲ ಬೆಳಕಿನಲ್ಲಿ ಫೋಟೊ ತೆಗೆದು, ಗುಂಪಿಗಲ್ಲ, ನನಗೊಬ್ಬಳಿಗೇ ಕಳುಹಿಸಬೇಕು. ತಪ್ಪಾಗಿದೆ ಎನಿಸಿದ ಹೆಜ್ಜೆಯನ್ನು ಅಳಿಸದೆ ಒಂದು ಗೆರೆ ಎಳೆದು ಮುಂದುವರಿಯಬೇಕು ಎಂದು ಮಕ್ಕಳಿಗೆ ಹೇಳಿದ್ದೆ. ಬಂದ ಫೋಟೊದ ಮೇಲೆ ಬೆರಳಿನಿಂದಲೇ ಕೆಂಪು ವೃತ್ತ ಎಳೆದು, ‘ಈ ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದೆ, ಹೇಳು’ ಎಂದು ದನಿ ಸಂದೇಶ ಕಳುಹಿಸುತ್ತಿದ್ದೆ. ಚರಾಕ್ಷರಗಳನ್ನೂ ಘಾತಗಳನ್ನೂ ಫೋನಿನಲ್ಲಿ ಟೈಪು ಮಾಡುವುದು ಕಷ್ಟ, ಹೇಳುವುದು ಸುಲಭ. ಮಕ್ಕಳೂ ದನಿಯಲ್ಲಿಯೇ ಉತ್ತರಿಸತೊಡಗಿದರು. ತರಗತಿಯಲ್ಲಿ ಎದ್ದು ನಿಂತು ಒಂದು ಮಾತನ್ನೂ ಆಡದ ಮಕ್ಕಳು ಹೀಗೆ ವಿವರವಾಗಿ ಮಾತನಾಡಿದ್ದನ್ನು ಕೇಳಿದಾಗ, ಈ ಮಾಧ್ಯಮದ ಬಗ್ಗೆ ನನಗೆ ನಿಜವಾದ ಗೌರವ ಮೂಡಿತು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎಲ್ಲರ ಪುಸ್ತಕವನ್ನೂ ಇಷ್ಟು ಹತ್ತಿರದಿಂದ ನೋಡಲು ನನಗೆ ಎಂದೂ ಸಾಧ್ಯವಾಗಿರಲಿಲ್ಲ. ಇದಕ್ಕೆ ಸಂಜೆಯ ಹೊತ್ತೆಲ್ಲ ಬೇಕಾಗುತ್ತಿತ್ತು ಎಂಬುದನ್ನೂ ಹೇಳಲೇಬೇಕು. ಸಮಯ ಉಳಿಸುವ ಉಪಾಯವೆಂದು ಯಾರೂ ಇದನ್ನು ಹಿಡಿಯಬಾರದು.

ಫೋಟೊಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ ತಪ್ಪುಗಳನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಗೂಗಲ್ ಫಾರ್ಮ್ಸ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆಗಳನ್ನು ರಚಿಸುವಾಗ ಅದೇ ನನ್ನ ಬಂಡವಾಳವಾಯಿತು. ಒಂದು ಉದಾಹರಣೆ ಕೊಡುತ್ತೇನೆ. 3ಎಕ್ಸ್² − 2ಎಕ್ಸ್ − 5 = 0 ಎಂಬ ವರ್ಗ ಸಮೀಕರಣದ ಶೋಧಕದ, ಅಂದರೆ ಮೂಲಗಳ ಸ್ವಭಾವವನ್ನು ತಿಳಿಸುವ ಬಿ² − 4ಎಸಿ ಎಂಬುದರ, ಬೆಲೆ 64. ಕೊನೆಯ ಪದದ ಋಣ ಚಿಹ್ನೆಯನ್ನು ಮರೆತ ಮಗುವಿಗೆ 4 − 60, ಅಂದರೆ −56 ಬರುತ್ತದೆ. −2ರ ವರ್ಗವನ್ನು −4 ಎಂದು ತೆಗೆದುಕೊಂಡ ಮಗುವಿಗೆ 56 ಬರುತ್ತದೆ. ಈ ಮೂರನ್ನೂ ಆಯ್ಕೆಗಳಾಗಿ ಕೊಟ್ಟರೆ, ಉತ್ತರಗಳ ನಕ್ಷೆಯನ್ನು ನೋಡಿದ ಕೂಡಲೇ ಎಷ್ಟು ಮಂದಿ ತಪ್ಪಿದರು ಎಂಬುದಲ್ಲದೆ ಯಾವ ತಪ್ಪನ್ನು ಮಾಡಿದರು ಎಂಬುದೂ ತಿಳಿಯುತ್ತದೆ, ಮರುದಿನದ ವಿಡಿಯೊ ಯಾವುದರ ಬಗ್ಗೆ ಇರಬೇಕೆಂಬುದು ತಾನಾಗಿಯೇ ನಿರ್ಧಾರವಾಗುತ್ತದೆ. 2021ರ ಜುಲೈ 19ರಂದು ನಡೆದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ಪತ್ರಿಕೆಯಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಾಗಿ ಕೇಳಿದಾಗ ನಮ್ಮ ಮಕ್ಕಳಿಗೆ ಆ ಸ್ವರೂಪ ಹೊಸದೆನಿಸಲಿಲ್ಲ.

ಜಿಯೋಜಿಬ್ರಾದ ವಿಷಯ ಬೇರೆ. ಅಲ್ಲಿ ಪರದೆ ಹಲಗೆಗೆ ಬದಲಿಯಲ್ಲ, ಹಲಗೆಯಿಂದ ಆಗದ್ದನ್ನು ಮಾಡುವ ಸಾಧನ. ಎಕ್ಸ್² − 4ಎಕ್ಸ್ ಎಂಬುದಕ್ಕೆ ಕೂಡುವ ಸ್ಥಿರಾಂಕವನ್ನು ಸ್ಲೈಡರ್‌ನಿಂದ ಬದಲಿಸುತ್ತ ಹೋದರೆ ಪರವಲಯ ಮೆಲ್ಲನೆ ಮೇಲೇರುತ್ತದೆ. ಸ್ಥಿರಾಂಕ 3 ಆಗಿದ್ದಾಗ ಅದು ಎಕ್ಸ್ ಅಕ್ಷವನ್ನು 1 ಮತ್ತು 3ರಲ್ಲಿ ಕತ್ತರಿಸುತ್ತದೆ. 4 ಆದಾಗ ಆ ಎರಡು ಬಿಂದುಗಳೂ 2ರಲ್ಲಿ ಕೂಡಿಕೊಳ್ಳುತ್ತವೆ. 5ಕ್ಕೆ ಹೋದಾಗ ರೇಖೆ ಅಕ್ಷವನ್ನು ಬಿಟ್ಟು ಮೇಲೆ ನಿಲ್ಲುತ್ತದೆ. ಶೋಧಕವು ಧನ, ಸೊನ್ನೆ, ಋಣ ಆಗುವುದೆಂದರೆ ಏನೆಂದು ನಾನು ವರ್ಷಗಟ್ಟಲೆ ಬಾಯಲ್ಲಿ ಹೇಳಿಕೊಂಡು ಬಂದದ್ದು ಕಣ್ಣೆದುರೇ ನಡೆಯುತ್ತದೆ. ಈ ಪರದೆಯ ಚಲನೆಯನ್ನು ದಾಖಲಿಸಿ, ನಡುನಡುವೆ ‘ಇಲ್ಲಿ ನಿಲ್ಲಿಸಿ, ಮುಂದೇನಾಗುತ್ತದೆ ಬರೆಯಿರಿ’ ಎಂದು ಹೇಳಿ ಕಳುಹಿಸುತ್ತಿದ್ದೆ.

ಫೋನೇ ಇಲ್ಲದ ಮಕ್ಕಳ ಮಾತು ಬಾರದೆ ಈ ಅನುಭವ ಪೂರ್ಣವಾಗದು. 2020ರ ಜುಲೈಯಿಂದ ದೂರದರ್ಶನ ಚಂದನದಲ್ಲಿ ಪಾಠಗಳು ಪ್ರಸಾರವಾದವು. ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಆರಂಭವಾಗಿ ನಾವು ಊರೂರಿನ ಜಗಲಿಗಳಿಗೆ ಹೋದೆವು. ಪರದೆಯಲ್ಲಿ ಕಲಿಸಿದ್ದನ್ನೇ ಅಲ್ಲಿ ಹಾಳೆಗಳಲ್ಲಿ ಕೊಟ್ಟೆ. ಫೋನ್ ಇದ್ದ ಮಗುವಿನೊಂದಿಗೆ ಇಲ್ಲದ ನೆರೆಯ ಮಗುವನ್ನು ಜೋಡಿ ಮಾಡಿದೆ. ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಾಗ ಅತಿ ಹೆಚ್ಚು ಕಳೆದುಕೊಂಡವರು ಈ ಮಕ್ಕಳೇ. 2021ರ ಜನವರಿಯಲ್ಲಿ ಶಾಲೆ ತೆರೆದಾಗ ನಾನು ಮೊದಲು ಕುಳಿತದ್ದು ಇವರ ಜೊತೆ. ತಂತ್ರಜ್ಞಾನವನ್ನು ಮನಸಾರೆ ಒಪ್ಪಿಕೊಂಡ ಮೇಲೂ ಈ ಅಂತರವನ್ನು ಅದು ತಾನಾಗಿ ತುಂಬುತ್ತದೆ ಎಂದು ನಾನು ನಂಬುವುದಿಲ್ಲ.

ಶಾಲೆ ಎಂದಿನಂತೆ ನಡೆಯುತ್ತಿರುವ ಈಗಲೂ ಜಿಯೋಜಿಬ್ರಾ ನನ್ನ ತರಗತಿಯಲ್ಲಿದೆ. ಪ್ರತಿ ಅಧ್ಯಾಯದ ಕೊನೆಯಲ್ಲಿ ಆ ತಪ್ಪುಗಳ ಪುಸ್ತಕದಿಂದ ಪ್ರಶ್ನೆಪಟ್ಟಿಯನ್ನು ರಚಿಸುತ್ತೇನೆ, ಆದರೆ ಅದನ್ನು ಶಾಲೆಯ ಕಂಪ್ಯೂಟರುಗಳಲ್ಲಿಯೇ ಸರದಿಯಂತೆ ಉತ್ತರಿಸಲು ಹೇಳುತ್ತೇನೆ. ದೀರ್ಘ ರಜೆ ಹಾಕಿದ ಮಗುವಿಗೆ ಹಳೆಯ ವಿಡಿಯೊಗಳನ್ನು ಕಳುಹಿಸುತ್ತೇನೆ. ಪುಸ್ತಕದ ಫೋಟೊ ತರಿಸಿಕೊಳ್ಳುವುದನ್ನು ಪರೀಕ್ಷೆಯ ಮುಂಚಿನ ರಜೆಗೆ ಮಾತ್ರ ಉಳಿಸಿಕೊಂಡಿದ್ದೇನೆ. ಉಳಿದ ದಿನಗಳಲ್ಲಿ ಬೆಂಚುಗಳ ನಡುವೆ ಓಡಾಡಲು ಸಾಧ್ಯವಿರುವಾಗ ಅದರ ಅಗತ್ಯವಿಲ್ಲ.