ಸಿಗ್ನಲ್ ಇಲ್ಲದಿದ್ದರೂ ಕಥೆ: ಓದುವ ಸಾಧನ ಆರಿಸುವುದು ಹೇಗೆ?

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಮರಳುವ ನನ್ನಂಥವರಿಗೆ, ಕಿಟಕಿ ಪಕ್ಕ ಸೀಟು ಸಿಕ್ಕ ದಿನ, ಎರಡೂವರೆ ಗಂಟೆಯಾದರೂ ಓದುವ ಯೋಗವಿರುತ್ತದೆ. ಆದರೆ ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ ಬರುವಷ್ಟರಲ್ಲಿ ಮೊಬೈಲಿನಲ್ಲಿ ಕಥೆ ಮಾಯವಾಗಿ, ಅದರ ಜಾಗದಲ್ಲಿ ಸುತ್ತುವ ಚಕ್ರವೊಂದು ಬಂದು ಕೂರುತ್ತದೆ. ಹೀಗಾಗಿ ಇಂಟರ್‌ನೆಟ್‌ನ ಹಂಗಿಲ್ಲದೆ ಓದಲು ಒಂದು ಸಾಧನ ಬೇಕೆನ್ನಿಸಿತು. ಹೊಳಪಿಲ್ಲದ, ಕಾಗದದಂತೆ ಕಾಣುವ ಆರು ಇಂಚಿನ ಇ-ರೀಡರ್ ಕೊಂಡೆ. ಹದಿನೈದೇ ದಿನಕ್ಕೆ ಅದು ಬೀರು ಸೇರಿತು. ತಪ್ಪು ಅದರದ್ದಲ್ಲ, ನನ್ನದು.

ನನ್ನ ಬಳಿ ಇದ್ದ ಕಥೆಗಳಲ್ಲಿ ಹೆಚ್ಚಿನವು ಹಳೆಯ ಪತ್ರಿಕೆ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಆರು ಇಂಚಿನ ಪರದೆಯ ಅಗಲ ಸುಮಾರು 9. ಅಕ್ಷರ ಸಾಸಿವೆಯಾಗದೆ ಇನ್ನೇನಾಗುತ್ತದೆ? ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕುಳಿತು ನಿಮ್ಮ ರಾಶಿಯನ್ನು ತೂರಿ ನೋಡಿ. ಕಣಜದ ಅಳತೆ ಆಮೇಲಿನ ಮಾತು.

ತೂರಿದರೆ ಮೂರು ಬಗೆಯ ಕಾಳು ಸಿಗುತ್ತದೆ. ಒಂದು, ಸ್ಕ್ಯಾನ್ ಮಾಡಿದ ಪಿಡಿಎಫ್: ಅದು ಪುಟದ ಫೋಟೊ. ಹಿಗ್ಗಿಸಬಹುದು, ಆದರೆ ಸಾಲುಗಳು ಪರದೆಗೆ ತಕ್ಕಂತೆ ಮುರಿದುಕೊಳ್ಳುವುದಿಲ್ಲ. ಎರಡು, ಇಪಬ್: ಇದು ನಿಜವಾದ ಪಠ್ಯ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಚಿತ್ರಗಳಿಲ್ಲದ ಕಾದಂಬರಿಯೊಂದು ಸಾಮಾನ್ಯವಾಗಿ ಒಂದೆರಡು ಎಂಬಿ ಮೀರುವುದಿಲ್ಲ. ಮೂರು, ಆ್ಯಪ್‌ಗಳಲ್ಲಿ ಹಣ ಕೊಟ್ಟು ಕೊಂಡ ಇ-ಪುಸ್ತಕ. ಇವು ಬಹುತೇಕ ಆ ಆ್ಯಪ್‌ನೊಳಗೇ ತೆರೆಯುತ್ತವೆ. ಕಡತವನ್ನು ಎತ್ತಿ ಬೇರೆಡೆ ಇಡಲು ಬಿಡುವುದಿಲ್ಲ.

ಇಷ್ಟು ತಿಳಿದರೆ ಸಾಧನ ಅರ್ಧ ಆರಿಸಿದಂತೆಯೇ. ಪಿಡಿಎಫ್ ಹೆಚ್ಚಿದ್ದರೆ ಹತ್ತು-ಹನ್ನೊಂದು ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್, ಅದೂ ಮೆಮೊರಿ ಕಾರ್ಡ್ ಹಾಕಲು ಜಾಗವಿರುವಂಥದ್ದು. ಆ್ಯಪ್‌ನ ಪುಸ್ತಕಗಳೇ ಹೆಚ್ಚಿದ್ದರೂ ಆ ಆ್ಯಪ್ ನಡೆಯುವ, ಆಂಡ್ರಾಯ್ಡ್‌ನಂಥ ಸಾಧನ ಬೇಕೇ ಬೇಕು. ಇಪಬ್ ಹೆಚ್ಚಿದ್ದು ದಿನವೂ ಗಂಟೆಗಟ್ಟಲೆ ಓದುವವರಿಗೆ ಮಾತ್ರ ಇ-ರೀಡರಿನ ಕಾಗದದಂಥ ಇ-ಇಂಕ್ ಪರದೆ ವರವಾಗುತ್ತದೆ. ಆ ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಗುಳಿಗೆಗಳಿರುತ್ತವೆ. ವಿದ್ಯುತ್ ಹರಿಸಿದಾಗ ಅವುಗಳಲ್ಲಿನ ಕಪ್ಪು-ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ಉಳಿಯಲು ವಿದ್ಯುತ್ ಬೇಡ, ಪುಟ ತಿರುಗಿಸುವಾಗ ಬೇಕು. ಬ್ಯಾಟರಿ ವಾರಗಟ್ಟಲೆ ಬರುವುದು ಇದರಿಂದಲೇ. ಕಾಗದದಂತೆ ಹೊರಗಿನ ಬೆಳಕಿನಲ್ಲೇ ಕಾಣುವ ಪರದೆಯಾದ್ದರಿಂದ, ನಮ್ಮೂರ ಅಮಾನಿಕೆರೆಯ ಏರಿಯ ಮೇಲೆ ಬಿಸಿಲಿನಲ್ಲಿ ಕುಳಿತರೂ ಪುಟ ಕಾಣುತ್ತದೆ. ಪುಟ ಹಿಗ್ಗಿಸಿ ಅತ್ತಿತ್ತ ಎಳೆದಾಡುವ ಕೆಲಸಕ್ಕೆ ಮಾತ್ರ ಇದು ಬಲು ಸೋಮಾರಿ.

ಇನ್ನು ಕನ್ನಡದ ಪರೀಕ್ಷೆ. ಇದನ್ನು ಬಿಟ್ಟು ದುಡ್ಡು ಎಣಿಸಬೇಡಿ. ‘ಸರ್, ಮೆನು ಪೂರ್ತಿ ಕನ್ನಡದಲ್ಲೇ ಬರುತ್ತದೆ’ ಎಂದು ಅಂಗಡಿಯವರು ಹೇಳುತ್ತಾರೆ. ಮೆನು ಓದಲು ನಾವು ಹೋಗಿಲ್ಲವಲ್ಲ! ಒಂದು ಸಣ್ಣ ಇಪಬ್ ಕಡತದಲ್ಲಿ ‘ಸ್ತ್ರೀ, ರಾಷ್ಟ್ರ, ಜ್ಞಾನ, ಸೂರ್ಯ, ಲಕ್ಷ್ಮೀ, ಉಜ್ಜ್ವಲ’ ಎಂಬ ಪದಗಳನ್ನು ಬರೆದು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಟ್ಯಾಬ್ಲೆಟ್‌ಗೆ ಚುಚ್ಚಲು ಓಟಿಜಿ ಅಡಾಪ್ಟರ್ ಕೂಡ ಜೊತೆಗಿರಲಿ. ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ, ಅರ್ಕಾವತ್ತು ದಾರಿ ತಪ್ಪಿದರೆ, ಚೌಕದ ಡಬ್ಬಿಗಳು ಮೂಡಿದರೆ ಆ ಸಾಧನಕ್ಕೆ ಕೈ ಮುಗಿದು ಬನ್ನಿ. ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳ ಇ-ಪುಸ್ತಕಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿದ್ದವು, ಕನ್ನಡ ಇರಲಿಲ್ಲ. ಹೆಸರಿಗೆ ತಕ್ಕಂತೆ ನಮಗೆ ಕಿಂಡಲ್ ಮಾಡಿದಂತೆಯೇ ಆಯಿತು. ಹೊಸ ಮಾದರಿಯಾದರೂ ನಿಮ್ಮದೇ ಕಡತ ಹಾಕಿ ನೋಡದೆ ಕೊಳ್ಳಬೇಡಿ.

ಕೆಲವೊಮ್ಮೆ ಸಾಧನ ಸರಿಯಿದ್ದು ಕಡತವೇ ಹಳೆಯದಿರುತ್ತದೆ. ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಥೆ ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಅದನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಂಡರೆ ಸಾಕು. ಫಾಂಟ್ ಸೇರಿಸಲು ಬಿಡುವ ಸಾಧನವಾದರೆ ನೋಟೊ ಸೆರಿಫ್ ಕನ್ನಡ ಹಾಕಿಕೊಳ್ಳಿ. ‘ಗುಬ್ಬಿ’ ಎಂಬ ಉಚಿತ ಫಾಂಟೂ ಇದೆ; ನಮ್ಮ ಜಿಲ್ಲೆಯವನಾದ ನನಗೆ ಆ ಹೆಸರಿನ ಮೇಲೆ ಸ್ವಲ್ಪ ಪಕ್ಷಪಾತ.

ಸಾಧನ ಮನೆಗೆ ಬಂದ ಮೇಲೆ ಓದುವ ಆ್ಯಪ್ ಹಾಕಿ. ಆಂಡ್ರಾಯ್ಡ್‌ನಲ್ಲಿ ರೀಡ್‌ಎರಾ, ಲಿಬ್ರೆರಾ ಎರಡೂ ಇಪಬ್, ಪಿಡಿಎಫ್‌ಗಳನ್ನು ಇಂಟರ್‌ನೆಟ್ ಇಲ್ಲದೆ ತೆರೆಯುತ್ತವೆ. ಬಳಿಕ ಏರೋಪ್ಲೇನ್ ಮೋಡ್ ಒತ್ತಿ, ಸಾಧನವನ್ನು ಆಫ್ ಮಾಡಿ ಮತ್ತೆ ಚಾಲೂ ಮಾಡಿ. ಎಲ್ಲ ಕಥೆಗಳೂ ತೆರೆದರೆ ಸರಿ. ‘ಲಾಗಿನ್ ಆಗಿ’ ಎಂದು ಕೇಳಿದ್ದು ರೈಲಿನಲ್ಲಿ ಕೈ ಕೊಡುವುದು ಖಚಿತ.

ಹೊಸ ಕಥೆಗಳನ್ನು ತುಂಬಿಸಲು ಕನ್ನಡ ವಿಕಿಸೋರ್ಸ್ ಒಳ್ಳೆಯ ಬಾವಿ. ಅಲ್ಲಿನ ಕೃತಿಗಳನ್ನು ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ಹಕ್ಕುಸ್ವಾಮ್ಯದ ಲೆಕ್ಕವೂ ತಲೆಯಲ್ಲಿರಲಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಇದೇ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. 1946ರಲ್ಲಿ ತೀರಿಕೊಂಡರು, ಅವರ ಬರಹ ಈಗ ಎಲ್ಲರದು. ಮುಳಬಾಗಿಲಿನ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅವರ ಪುಸ್ತಕಗಳಿಗೆ 2035ರ ಕೊನೆಯವರೆಗೆ ಕಾಯಬೇಕು, ಇಲ್ಲವೇ ಕೊಂಡು ಓದಬೇಕು.

ಕಥೆಗಳನ್ನು ಜೋಡಿಸುವ ಕೆಲಸದಲ್ಲಿ ಕನ್ನಡದವರಿಗೆ ಎದುರಾಗುವ ತೊಡಕು ಕಾವ್ಯನಾಮ ಮತ್ತು ಇನಿಷಿಯಲ್. ಕೋಲಾರ ಜಿಲ್ಲೆಯ ಒಬ್ಬರೇ ಹಿರಿಯರು ನನ್ನ ಟ್ಯಾಬ್ಲೆಟ್‌ನಲ್ಲಿ ‘ಮಾಸ್ತಿ’, ‘ಶ್ರೀನಿವಾಸ’, ‘ವೆಂಕಟೇಶ ಅಯ್ಯಂಗಾರ್’ ಎಂದು ಮೂರು ಕಡೆ ಕುಳಿತಿದ್ದರು. ಒಬ್ಬರಿಗೆ ಒಂದೇ ಹೆಸರೆಂದು ತೀರ್ಮಾನಿಸಿ, ಅದನ್ನೊಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಡತದ ಹೆಸರು ‘ಲೇಖಕರು - ಕಥೆ - ವರ್ಷ’ ಎಂಬ ಕ್ರಮದಲ್ಲಿರಲಿ, ಎಲ್ಲವೂ ಕನ್ನಡ ಲಿಪಿಯಲ್ಲಿರಲಿ. ಅರ್ಧ ಇಂಗ್ಲಿಷ್ ಲಿಪಿಯಲ್ಲಿದ್ದರೆ ಅವೆಲ್ಲ ಒಂದು ಕಡೆ ಗುಂಪುಗೂಡಿ, ಒಬ್ಬ ಲೇಖಕರು ಮತ್ತೆ ಇಬ್ಬರಾಗುತ್ತಾರೆ. ಧಾರಾವಾಹಿಯ ಕಂತುಗಳಿಗೆ 1, 2 ಎನ್ನದೆ 01, 02 ಎಂದು ಹಾಕಿ. ಇಲ್ಲವಾದರೆ ಕೆಲವು ಸಾಧನಗಳಲ್ಲಿ ಹತ್ತನೆಯ ಕಂತು ಎರಡನೆಯದಕ್ಕಿಂತ ಮುಂದೆ ಬಂದು ನಿಂತು, ಕೊಲೆಗಾರ ಯಾರೆಂದು ಮೊದಲೇ ಹೇಳಿಬಿಡುತ್ತದೆ.

ಕಡತಗಳು ನೂರು ದಾಟಿದವೆಂದರೆ ಕಂಪ್ಯೂಟರಿನಲ್ಲಿ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಲೇಖಕರು, ಮಾಲೆ, ವಿಷಯ ಹೀಗೆ ಚೀಟಿ ಅಂಟಿಸಿ ಜೋಡಿಸಿದರೆ, ಕೇಬಲ್ ಚುಚ್ಚಿ ಬೇಕಾದದ್ದನ್ನಷ್ಟೇ ಸಾಧನಕ್ಕೆ ಕಳಿಸಬಹುದು. ವಿಷಯದ ಚೀಟಿ ಹತ್ತು ಮೀರದಿರಲಿ. ನಾನು ನಲವತ್ತು ಮಾಡಿ, ಓದುವುದಕ್ಕಿಂತ ವಿಂಗಡಿಸುವುದರಲ್ಲೇ ಒಂದು ಮಳೆಗಾಲ ಕಳೆದೆ.

ಇನ್ನು ನಕಲು ಪ್ರತಿ ಇಟ್ಟುಕೊಳ್ಳುವ ವಿಚಾರ, ಒಂದೇ ಮಾತು: ಮೆಮೊರಿ ಕಾರ್ಡನ್ನು ನಂಬಬೇಡಿ. ನನ್ನದೊಂದು ದಬಸ್‌ಪೇಟೆಯ ಹತ್ತಿರ ಹೇಳದೆ ಕೇಳದೆ ಕಣ್ಣು ಮುಚ್ಚಿತು. ಇನ್ನೂರಕ್ಕೂ ಹೆಚ್ಚು ಕಥೆಗಳು ಅದರ ಜೊತೆಗೇ ಹೋದವು. ಈಗ ತಿಂಗಳ ಮೊದಲ ಭಾನುವಾರ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಅಕ್ಕನ ಮನೆಯ ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿ ಇಡುತ್ತೇನೆ.